‘ಲಕ್ಷ್ಮೇಶ್ವರ ಡೀಲರ್’ ಹೆಸರಿನ ನಂಬರು: ಒಂದು ದಾಂಪತ್ಯದ ಪ್ರಕರಣ ಅಧ್ಯಯನ

ಇದು ಯಾವುದೇ ಒಂದು ಮನೆಯ ಕಥೆಯಲ್ಲ. ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ಸಂಸಾರಗಳಲ್ಲಿ ಮತ್ತೆ ಮತ್ತೆ ಎದುರಾಗುವ ಸಂಗತಿಗಳನ್ನು ಒಂದೇ ದಂಪತಿಯ ಮೇಲೆ ಕೂಡಿಸಿ ಬರೆದ ಪ್ರಕರಣ. ಹೆಸರುಗಳಿಲ್ಲ, ಗಂಡ, ಹೆಂಡತಿ, ಸಹಪಾಠಿ ಅಷ್ಟೇ.

ಗಂಡನಿಗೆ 41 ವರ್ಷ. ಬೀಜದ ಕಂಪನಿಯೊಂದರ ಮಾರಾಟ ಅಧಿಕಾರಿ. ಗದಗ, ರೋಣ, ಲಕ್ಷ್ಮೇಶ್ವರ, ಶಿಗ್ಗಾಂವಿ, ರಾಣೆಬೆನ್ನೂರು ಆತನ ಸುತ್ತು. ಮುಂಗಾರು ಬಿತ್ತನೆಯ ಹೊತ್ತಿಗೆ, ಅಂದರೆ ಮೇ ತಿಂಗಳಿಂದ ಜುಲೈವರೆಗೆ, ವಾರದಲ್ಲಿ ಮೂರು ರಾತ್ರಿ ಲಾಡ್ಜಿನಲ್ಲೇ ಮಲಗುತ್ತಾನೆ. ಹೆಂಡತಿಗೆ 36, ಪತ್ತಿನ ಸಹಕಾರಿ ಸಂಘದಲ್ಲಿ ಲೆಕ್ಕಪತ್ರ ನೋಡುತ್ತಾಳೆ. ಮನೆ ಹುಬ್ಬಳ್ಳಿಯ ನವನಗರದಲ್ಲಿ. ಮದುವೆಯಾಗಿ 13 ವರ್ಷ. ಮಗಳು ಐದನೇ ತರಗತಿ, ಮಗ ಎರಡನೇ ತರಗತಿ, ಜೊತೆಗೆ ಗಂಡನ ತಾಯಿ. ಸಾಲ, ಕುಡಿತ, ಹೊಡೆತ ಯಾವುದೂ ಇಲ್ಲದ ಮನೆ. ‘ಎಲ್ಲಾ ಚೊಲೊ ಐತಿ’ ಎಂದು ನೆಂಟರು ಹೇಳುವಂಥದ್ದು.

ಹೇಗೆ ಶುರುವಾಯಿತು

ಈಗ ನಮ್ಮ ಕಡೆ ಪ್ರತಿ ಊರಿನ ಶಾಲೆಯಲ್ಲೂ ಹಳೆಯ ಎಸ್ಸೆಸ್ಸೆಲ್ಸಿ ಬ್ಯಾಚಿನವರು ಗುರುವಂದನಾ ಕಾರ್ಯಕ್ರಮ ಮಾಡುತ್ತಾರೆ. ಅದಕ್ಕೆ ಮೊದಲು ಹುಟ್ಟುವುದು ವಾಟ್ಸ್ಆ್ಯಪ್ ಗ್ರೂಪು. ಏಪ್ರಿಲಿನಲ್ಲಿ ಶುರುವಾದ ಈ ಗ್ರೂಪಿನಲ್ಲಿ 64 ಜನ. ದುಡ್ಡು ವಸೂಲಿ ಮಾಡಿ ರೂಢಿ ಇದ್ದವನೆಂದು ಗಂಡನನ್ನೇ ಖಜಾಂಚಿ ಮಾಡಿದರು. ತಲಾ ₹2,000 ವಂತಿಗೆ. ಈಗ ಪುಣೆಯಲ್ಲಿರುವ ಸಹಪಾಠಿಯೊಬ್ಬಳು ದುಡ್ಡು ಹಾಕಿ, ಅದರ ಸ್ಕ್ರೀನ್‌ಶಾಟನ್ನು ಗ್ರೂಪಿಗೆ ಹಾಕದೆ ಆತನ ನಂಬರಿಗೆ ಕಳಿಸಿದಳು.

‘ಬಂತೇನು?’

‘ಬಂತ್ರಿ ಮೇಡಂ.’

‘ಮೇಡಂ ಅಂತ! ಯಾವಾಗಿಂದಪಾ?’

ಇದರಲ್ಲಿ ತಪ್ಪು ಹುಡುಕಿದರೆ ಹುಡುಕಿದವರೇ ಸಣ್ಣವರಾಗುತ್ತಾರೆ. 25 ವರ್ಷದ ಹಿಂದೆ ಒಂದೇ ಕೋಣೆಯಲ್ಲಿ ಕೂತವರು ನಗುವುದು ಸಹಜ. ಮೇ ತಿಂಗಳ ಕಾರ್ಯಕ್ರಮದಲ್ಲಿ ಇಬ್ಬರೂ ಭೇಟಿಯಾದರು. ಅರ್ಧ ದಿನ, ಎಲ್ಲರ ನಡುವೆ. ಅದರ ನಂತರ ಕೊನೆಯವರೆಗೂ ಮತ್ತೆ ಮುಖ ನೋಡಿಲ್ಲ.

ಮಾತು ಮಾತ್ರ ಬೆಳೆಯಿತು. ಮೊದಲು ಸ್ಟೇಟಸ್ಸಿಗೆ ಉತ್ತರ, ಆಮೇಲೆ ‘ಊಟ ಆತಾ?’, ಆಮೇಲೆ ಲಾಡ್ಜಿನ ರಾತ್ರಿಗಳಲ್ಲಿ 10.30ರಿಂದ 12ರವರೆಗೆ ನಿತ್ಯದ ಮಾತು. ‘ಇವತ್ತಿನ ಸೀರಿ ಬಣ್ಣ ನಿನಗ ಭಾಳ ಒಪ್ಪೇತಿ’ ಎಂಬಲ್ಲಿಂದ ‘ನೀ ಅಂದ್ರ ತಿಳ್ಕೋತಿ, ಮನ್ಯಾಗ ಯಾರೂ ಹಿಂಗ ಕೇಳಂಗಿಲ್ಲ’ ಎಂಬಲ್ಲಿಗೆ ಆರು ವಾರ ಹಿಡಿಯಿತು. ಜೂನ್ ಎರಡನೇ ವಾರದಲ್ಲಿ ಆಕೆಯ ನಂಬರು ‘ಲಕ್ಷ್ಮೇಶ್ವರ ಡೀಲರ್’ ಎಂಬ ಹೆಸರಿಗೆ ಬದಲಾಯಿತು. ಜುಲೈಯಲ್ಲಿ ಹಳೆಯ ಮೆಸೇಜು ಅಳಿಸಿ, ಹೊಸವು 24 ಗಂಟೆಗೆ ತಾನೇ ಅಳಿಯುವಂತೆ ಸೆಟ್ಟಿಂಗ್ ಹಾಕಿದ್ದಾಯಿತು.

ಇಂಥ ಪ್ರಕರಣ ಬಂದಾಗ ಬಹಳ ಮಂದಿ ಕೇಳುವುದು ‘ಮೊದಲ ಸಿಹಿ ಮಾತು ಯಾವಾಗ ಬಂತು’ ಎಂದು. ಹೆಚ್ಚು ಉಪಯೋಗಕ್ಕೆ ಬರುವ ಪ್ರಶ್ನೆ ಬೇರೆ: ಮೊದಲು ಮುಚ್ಚಿಟ್ಟಿದ್ದು ಯಾವಾಗ? ಹೆಸರು ಬದಲಿಸಿದ ದಿನವೇ ಗಡಿ ದಾಟಿದ್ದು ಆತನಿಗೆ ಗೊತ್ತಾಗಿತ್ತು. ಮುಂದೆ ‘ನನಗ ಇದು ತಪ್ಪು ಅನ್ನಿಸಲೇ ಇಲ್ಲ’ ಎಂದು ವಾದಿಸುವಾಗ, ಜೂನ್ ತಿಂಗಳ ಆ ಒಂದು ತಿದ್ದುಪಡಿಯೇ ಆತನ ವಿರುದ್ಧ ಸಾಕ್ಷಿಯಾಯಿತು.

ಅಮೆರಿಕದ ಮನಶ್ಶಾಸ್ತ್ರಜ್ಞ ಆಲ್ ಕೂಪರ್ 1990ರ ದಶಕದ ಕೊನೆಯಲ್ಲೇ ಅಂತರ್ಜಾಲದ ಇಂಥ ಸೆಳೆತಕ್ಕೆ ಮೂರು ಕಾರಣ ಗುರುತಿಸಿದ್ದ: ಯಾವಾಗಲೂ ಕೈಗೆ ಸಿಗುತ್ತದೆ, ಖರ್ಚಿಲ್ಲ, ಗುರುತು ಬಿಟ್ಟುಕೊಡಬೇಕಿಲ್ಲ. ಈ ಪ್ರಕರಣದಲ್ಲಿ ಮೂರನೆಯದು ಇರಲಿಲ್ಲ. ಎಸ್ಸೆಸ್ಸೆಲ್ಸಿ ಗೆಳತಿಗೆ ಆತನ ಮನೆತನವೆಲ್ಲ ಗೊತ್ತು. ಆದರೆ ಅದಕ್ಕಿಂತ ಬಲವಾದ ಒಂದು ಸವಲತ್ತು ಇತ್ತು: ಆಕೆಯ ಮುಂದೆ ಆತ ಈಗಿನ ಆತನಾಗಿರಬೇಕಿರಲಿಲ್ಲ. ಟಾರ್ಗೆಟ್ ಮುಟ್ಟದ ಮಾರಾಟ ಅಧಿಕಾರಿ ಅಲ್ಲಿ ಇರಲಿಲ್ಲ. ಕಬಡ್ಡಿ ಆಡುತ್ತಿದ್ದ ಹುಡುಗ ಇದ್ದ.

ಸಿಕ್ಕಿಬಿದ್ದದ್ದು, ಮತ್ತು ಮೊದಲ ಹತ್ತು ದಿನ

ಆಗಸ್ಟಿನಲ್ಲಿ ಮಗಳ ನವೋದಯ ಪರೀಕ್ಷೆಯ ಅರ್ಜಿ ತುಂಬಲು ಹೆಂಡತಿ ಮನೆಯ ಲ್ಯಾಪ್‌ಟಾಪ್ ತೆರೆದಳು. ಗಂಡ ಅದರಲ್ಲಿ ವಾಟ್ಸ್ಆ್ಯಪ್ ಜೋಡಿಸಿ, ತೆಗೆಯುವುದನ್ನು ಮರೆತಿದ್ದ. ಫೋನಿಗೆ ಎಷ್ಟು ಬೀಗ ಹಾಕಿದರೂ ಜೋಡಿಸಿದ ಇನ್ನೊಂದು ಯಂತ್ರದಲ್ಲಿ ಅದೇ ಮಾತು ತೆರೆದಿರುತ್ತದೆ. ಮುಚ್ಚಿಡುವವರು ಹೆಚ್ಚಾಗಿ ಎಡವುವುದೇ ಇಲ್ಲಿ.

ಉಳಿದದ್ದು ಕೊನೆಯ ಒಂದು ದಿನದ ಮೆಸೇಜು ಮಾತ್ರ. ಅದರಲ್ಲೂ ಇದ್ದ ಸೀರೆಯ ಮಾತು ಓದಿ ಆಕೆಗೆ ಸಿಟ್ಟು ಬಂತು. ಕೈಕಾಲು ತಣ್ಣಗಾದದ್ದು ಬೇರೆ ಎರಡು ಸಾಲಿಗೆ. ಒಂದು, ‘ಆಕಿಗೆ ಲೆಕ್ಕ ಬಿಟ್ಟರ ಬ್ಯಾರೆ ಮಾತ ಬರಂಗಿಲ್ಲ.’ ಇನ್ನೊಂದು, ಈ ವರ್ಷವೂ ಬಡ್ತಿ ಸಿಗಲಿಲ್ಲವೆಂಬ ಸುದ್ದಿ. ಬಡ್ತಿ ತಪ್ಪಿದ್ದು ಹೆಂಡತಿಗೆ ಗೊತ್ತೇ ಇರಲಿಲ್ಲ. ಪುಣೆಗೆ ಗೊತ್ತಿತ್ತು.

ರಾತ್ರಿ ಹನ್ನೊಂದಕ್ಕೆ ಆಕೆ ಪರದೆಯ ಫೋಟೋ ತೆಗೆದು ತನ್ನ ಅಣ್ಣನಿಗೂ ಗಂಡನ ಅಣ್ಣನಿಗೂ ಕಳಿಸಿದಳು. ಆ ಹೊತ್ತಿಗೆ ಬೇರೆ ಯಾರು ಸಿಗುತ್ತಾರೆ? ಆದರೆ ಆ ಒಂದು ನಿಮಿಷದ ಕೆಲಸ ಮುಂದಿನ ಎರಡು ತಿಂಗಳನ್ನು ಕಷ್ಟ ಮಾಡಿತು. ಭಾನುವಾರ ಹಿರಿಯರು ಕೂತರು. ಗಂಡನ ಅಣ್ಣ ‘ಫೋನ್ ಒಡದ ಹಾಕ್ರಿ’ ಅಂದ. ಅತ್ತೆ, ‘ಬರೇ ಫೋನಿನ್ಯಾಗಿನ ಮಾತಲ್ಲೇನವ್ವಾ, ಗಂಡಸರು ಅಂದ್ರ ಇರೂದ’ ಅಂದಳು. ಇದೇ ಮೆಸೇಜು ಸೊಸೆಯ ಫೋನಿನಲ್ಲಿ ಸಿಕ್ಕಿದ್ದರೆ ಅದೇ ಸಂಜೆ ತವರಿನ ಬಸ್ಸು ಹತ್ತಿಸುತ್ತಿದ್ದರು, ಆ ಮಾತು ಯಾರೂ ಎತ್ತಲಿಲ್ಲ. ಕೊನೆಗೆ ಮನೆದೇವರ ಮೇಲೆ ಆಣೆ ಮಾಡಿಸಿ ಎದ್ದರು.

ಹಿರಿಯರ ಪಂಚಾಯಿತಿಗೆ ತನ್ನದೇ ಬೆಲೆ ಇದೆ. ಆಸ್ತಿ, ಸಾಲ, ಕುಡಿತದ ವಿಷಯದಲ್ಲಿ ಅದು ಕೆಲಸ ಮಾಡಿದ್ದೂ ಉಂಟು. ಇಲ್ಲಿ ಸೋಲುವುದು ಏಕೆಂದರೆ ಅದು ಮುಂದಿನ ವಚನ ಕೇಳುತ್ತದೆ, ಹಿಂದಿನ ವಿವರ ಕೇಳುವುದಿಲ್ಲ. ಏನು ನಡೆದಿದೆಯೋ ಗೊತ್ತಿಲ್ಲದೆ ಕ್ಷಮಿಸು ಎಂದರೆ ಯಾವುದನ್ನು ಕ್ಷಮಿಸಬೇಕು?

ಕಂತಿನಲ್ಲಿ ಬಂದ ಸತ್ಯ

ದಾಂಪತ್ಯ ಸಮಾಲೋಚನೆಗೆ ಬರುವ ಹೊತ್ತಿಗೆ ಗಂಡ ನಾಲ್ಕು ಸಲ ‘ಇಷ್ಟ ಐತಿ, ಮತ್ತೇನಿಲ್ಲ’ ಎಂದು ಹೇಳಿಯಾಗಿತ್ತು. ಮೊದಲ ದಿನ: ಕ್ಲಾಸ್‌ಮೇಟ್ ಅಷ್ಟೇ. ನಾಲ್ಕನೇ ದಿನ: ಹೌದು, ರಾತ್ರಿ ಮಾತಾಡಿದ್ದುಂಟು. ಹನ್ನೊಂದನೇ ದಿನ: ಒಂದು ಫೋಟೋ ಕೇಳಿ ತರಿಸಿಕೊಂಡಿದ್ದೆ. ಮೂರನೇ ವಾರ: ಆಕೆಯ ಮಗನ ಫೀಗೆ ₹15,000 ಕಳಿಸಿದ್ದೆ. ಈ ಕೊನೆಯದನ್ನೂ ಆತ ಹೇಳಿದ್ದಲ್ಲ. ಲೆಕ್ಕ ನೋಡುವ ಹೆಂಡತಿಗೆ ಯುಪಿಐ ಪಟ್ಟಿಯಲ್ಲಿ ಸಿಕ್ಕಿದ್ದು.

ಆತನ ಲೆಕ್ಕ ಸರಳ: ಸ್ವಲ್ಪ ಸ್ವಲ್ಪ ಹೇಳಿದರೆ ಪೆಟ್ಟು ಕಡಿಮೆ. ಆಗುವುದು ತದ್ವಿರುದ್ಧ. ಪ್ರತಿ ಹೊಸ ಕಂತು ಹಿಂದಿನ ಎಲ್ಲ ಮಾತನ್ನೂ ಸುಳ್ಳು ಮಾಡುತ್ತದೆ. ಆಕೆ ಚೂರುಪಾರು ಕಟ್ಟಿಕೊಂಡ ನೆಮ್ಮದಿ ಕುಸಿದು ಮೊದಲ ರಾತ್ರಿಗೇ ಮರಳುತ್ತಾಳೆ. ಚಾಟಿನಿಂದ ಆದ ಗಾಯಕ್ಕಿಂತ ಈ ನಾಲ್ಕು ಕಂತಿನಿಂದ ಆದ ಗಾಯ ದೊಡ್ಡದು. ಮೆಸೇಜು ಬರೆದದ್ದು ಕದ್ದು; ಈ ಸುಳ್ಳು ಹೇಳಿದ್ದು ಎದುರು ಕೂತು, ಕಣ್ಣಲ್ಲಿ ಕಣ್ಣಿಟ್ಟು.

ಆದ್ದರಿಂದ ಮೊದಲ ಕೆಲಸ ಒಂದೇ ಸಲಕ್ಕೆ ಪೂರ್ತಿ ವಿವರ ಹೊರತರುವುದು. ಇಬ್ಬರನ್ನೂ ಮೊದಲು ಬೇರೆ ಬೇರೆಯಾಗಿ 45 ನಿಮಿಷ ಕೂರಿಸಲಾಯಿತು. ಕೂರುವ ಮುನ್ನವೇ ಗಂಡನಿಗೆ ಷರತ್ತು ತಿಳಿಸಬೇಕು: ಸಂಪರ್ಕ ಇನ್ನೂ ನಡೆದಿದೆ ಎಂದು ಒಬ್ಬನೇ ಇದ್ದಾಗ ಹೇಳಿದರೆ ಅದನ್ನು ಗುಟ್ಟಾಗಿ ಇಡುವುದಿಲ್ಲ. ಇದನ್ನು ಮೊದಲೇ ಹೇಳದ ಸಮಾಲೋಚಕರು ಕಡೆಗೆ ಗಂಡನ ಇನ್ನೊಂದು ಗುಟ್ಟಿನ ಪಾಲುದಾರರಾಗುತ್ತಾರೆ. ಈ ಭೇಟಿಯಲ್ಲೇ ಹೆಂಡತಿಗೆ ಹೊಡೆತ, ಬೆದರಿಕೆ ಇದೆಯೇ ಎಂದು ಕೇಳಬೇಕು; ಇದ್ದರೆ ಜೋಡಿಯಾಗಿ ಕೂರಿಸುವುದು ನಿಲ್ಲುತ್ತದೆ, ಮಹಿಳಾ ಸಹಾಯವಾಣಿ 181 ಮೊದಲು ಬರುತ್ತದೆ. ಇಲ್ಲಿ ಅದು ಇರಲಿಲ್ಲ. ಆದರೆ ಆಕೆ ಎರಡು ವಾರದಿಂದ ಮೂರು ತಾಸಿಗಿಂತ ಹೆಚ್ಚು ಮಲಗಿರಲಿಲ್ಲ, ಸಂಘದಲ್ಲಿ ಕೂಡುವ ಲೆಕ್ಕ ತಪ್ಪತೊಡಗಿತ್ತು. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನಲ್ಲಿ ಒಮ್ಮೆ ತೋರಿಸಲು ಹೇಳಿ, ರಾತ್ರಿ ತೀರ ಕಷ್ಟವಾದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಲು ಬರೆದುಕೊಡಲಾಯಿತು.

ಗಂಡ ಬರೆದು ತರಬೇಕಾದ ತಲೆಬರಹಗಳು ಇವು: ಯಾವಾಗಿಂದ ಯಾವಾಗಿನವರೆಗೆ, ವಾಟ್ಸ್ಆ್ಯಪ್, ಇನ್‌ಸ್ಟಾಗ್ರಾಂ, ಕರೆ, ವಿಡಿಯೊ ಯಾವ್ಯಾವುದರಲ್ಲಿ, ದಿನಕ್ಕೆ ಸುಮಾರು ಎಷ್ಟು ಹೊತ್ತು, ಫೋಟೋ ಕೊಟ್ಟದ್ದು, ತರಿಸಿಕೊಂಡದ್ದು, ದುಡ್ಡು, ಭೇಟಿ, ಅಥವಾ ಭೇಟಿಯ ಯೋಜನೆ, ಹೆಂಡತಿಯ ಬಗ್ಗೆ, ಮಕ್ಕಳ ಬಗ್ಗೆ ಏನೇನು ಹೇಳಿದ್ದು, ಇದು ಇನ್ನು ಯಾರ್‍ಯಾರಿಗೆ ಗೊತ್ತು, ಏನೇನು ಮುಚ್ಚಿಟ್ಟೆ, ಹೇಗೆ. ಸಿಹಿ ಮಾತುಗಳನ್ನು ಅಕ್ಷರಶಃ ಬರೆಯಬಾರದು. ‘ಆಕೆಯ ರೂಪವನ್ನು ಹೊಗಳಿದ್ದೆ’ ಎಂದರೆ ಸಾಕು. ಅಕ್ಷರಶಃ ಓದಿದ ಸಾಲು ವರ್ಷಗಟ್ಟಲೆ ತಲೆಯಿಂದ ಹೋಗುವುದಿಲ್ಲ, ನಿರ್ಧಾರಕ್ಕೂ ಉಪಯೋಗವಿಲ್ಲ.

ಹೆಂಡತಿಗೂ ಬರೆಯುವ ಕೆಲಸವಿತ್ತು. 37 ಪ್ರಶ್ನೆ ತಂದಳು. ಅವನ್ನು ಮೂರು ಪಾಲು ಮಾಡಲಾಯಿತು. ಉಳಿಯಬೇಕೋ ಬೇಡವೋ ನಿರ್ಧರಿಸಲು ಬೇಕಾದವು: ಭೇಟಿ ಆಗಿತ್ತೇ, ದುಡ್ಡು ಇನ್ನೂ ಹೋಗಿದೆಯೇ. ಕೇಳಿದಷ್ಟೂ ನೋವು ಹೆಚ್ಚುವವು: ಆಕೆ ನನಗಿಂತ ಚೆಂದ ಇದ್ದಾಳೆಯೇ. ಈಗ ಉತ್ತರವೇ ಸಿಗದವು: ಯಾಕೆ ಹೀಗೆ ಮಾಡಿದಿರಿ. ಮೊದಲ ಪಾಲಿಗೆ ಅಂದೇ ಉತ್ತರ, ಮೂರನೆಯದಕ್ಕೆ ತಿಂಗಳ ನಂತರ. ಎರಡನೆಯ ಪಾಲನ್ನು ಆಕೆಯೇ ಅರ್ಧ ಹರಿದು ಹಾಕಿದಳು. ಉಳಿದರ್ಧ ಕೇಳಿಯೇ ಕೇಳಿದಳು.

ಮುಗಿಸುವ ಮೆಸೇಜು

ಸುಮ್ಮನೆ ಬ್ಲಾಕ್ ಮಾಡಿದರೆ ಆಗದೇ ಎಂದು ಗಂಡ ಕೇಳಿದ. ಆಗುವುದಿಲ್ಲ. ಮಾತಿಲ್ಲದೆ ಬಾಗಿಲು ಹಾಕಿದರೆ ಆ ಕಡೆಯವರು ಏನಾಯಿತೋ ಎಂದು ಬೇರೆ ನಂಬರಿನಿಂದ ಬರುತ್ತಾರೆ. ಮುಗಿಸುವುದು ಬರಹದಲ್ಲಿರಬೇಕು, ಗಂಡನೇ ಬರೆಯಬೇಕು, ಹೆಂಡತಿ ಪಕ್ಕದಲ್ಲಿ ಕೂತು ನೋಡಬೇಕು.

ಮೊದಲ ಕರಡು ಹೀಗಿತ್ತು: ‘ಮನ್ಯಾಗ ಗೊತ್ತಾಗೇತಿ, ಭಾಳ ಗದ್ದಲ ಆಗೇತಿ. ಸದ್ಯಕ್ಕ ಮಾತಾಡೂದು ಬ್ಯಾಡ. ನೀ ಚೊಲೊ ಇರು.’ ಇದರಲ್ಲಿ ಮೂರು ಕಿಟಕಿ ತೆರೆದೇ ಇವೆ. ‘ಮನ್ಯಾಗ ಗೊತ್ತಾಗೇತಿ’ ಎಂದರೆ ನಾವಿಬ್ಬರು ಒಂದು ಕಡೆ, ಹೆಂಡತಿ ಇನ್ನೊಂದು ಕಡೆ. ‘ಸದ್ಯಕ್ಕ’ ಎಂದರೆ ಮುಂದೆ ಉಂಟು. ಕೊನೆಯ ಹಾರೈಕೆಗೆ ಮರುತ್ತರ ಬಂದೇ ಬರುತ್ತದೆ. ಕಳಿಸಿದ್ದು ಇದು: ‘ನಾನು ನಿನ್ನ ಜೊತಿ ಮಾತಾಡಿದ ರೀತಿ ತಪ್ಪು, ಅದು ನನ್ನ ತಪ್ಪು. ಇನ್ನ ಮ್ಯಾಲೆ ಮೆಸೇಜ್, ಕಾಲ್ ಯಾವುದೂ ಇರಂಗಿಲ್ಲ. ಇದಕ್ಕ ಉತ್ತರ ಬ್ಯಾಡ.’ ಸಹಪಾಠಿಯನ್ನು ಬೈಯುವ ಸಾಲು ಸೇರಿಸಬೇಕೆಂದು ಹೆಂಡತಿಗೆ ಬಹಳ ಇತ್ತು. ಬೈದರೆ ಜಗಳ ಶುರುವಾಗುತ್ತದೆ, ಜಗಳವೂ ಸಂಪರ್ಕವೇ.

ನಂತರ ಬ್ಲಾಕ್: ವಾಟ್ಸ್ಆ್ಯಪ್, ಫೋನಿನ ಕರೆ, ಇನ್‌ಸ್ಟಾಗ್ರಾಂ, ಫೇಸ್‌ಬುಕ್, ನಾಲ್ಕೂ ಕಡೆ. ಆದರೆ ವಾಟ್ಸ್ಆ್ಯಪ್‌ನಲ್ಲಿ ಬ್ಲಾಕ್ ಮಾಡಿದವರೂ ಒಂದೇ ಗ್ರೂಪಿನಲ್ಲಿದ್ದರೆ ಅಲ್ಲಿ ಪರಸ್ಪರರ ಮೆಸೇಜು ಕಾಣುತ್ತಲೇ ಇರುತ್ತವೆ. ಖಜಾಂಚಿ ಏಕಾಏಕಿ ಗ್ರೂಪ್ ಬಿಟ್ಟರೆ 64 ಜನರೂ ಯಾಕೆ ಎನ್ನುತ್ತಾರೆ. ದುಡ್ಡಿನ ಮೇಲೆ ಅನುಮಾನವೂ ಹುಟ್ಟುತ್ತದೆ. ಉಳಿಕೆ ಹಣದ ಲೆಕ್ಕ ಒಪ್ಪಿಸಿ, ಶಾಲೆಗೆ ಕೊಡಬೇಕಾದ ಗೋಡೆ ಗಡಿಯಾರ, ಕುರ್ಚಿಗಳ ರಸೀದಿ ಹಾಕಿ, ಹತ್ತು ದಿನದ ಮೇಲೆ ಗ್ರೂಪಿನಿಂದ ಹೊರಬಂದ. ಆ ಹತ್ತು ದಿನ ಗ್ರೂಪ್ ಮ್ಯೂಟ್ ಆಗಿತ್ತು, ಹಾಕಿದ್ದು ಲೆಕ್ಕ ಮಾತ್ರ.

ಕೋರ್ಟು, ಸಾಕ್ಷಿ, ಮತ್ತು ಭಾವಮೈದುನನ ಬೆದರಿಕೆ

ಹೆಂಡತಿಯ ಅಣ್ಣ ಎರಡು ಮಾತು ಹೇಳಿದ್ದ: ಇಬ್ಬರನ್ನೂ ಜೈಲಿಗೆ ಕಳಿಸುತ್ತೇನೆ, ಸಹಪಾಠಿಯ ಫೋಟೋವನ್ನು ಗ್ರೂಪಿಗೆ ಹಾಕುತ್ತೇನೆ. ಮೊದಲನೆಯದು ಆಗದ ಮಾತು. ಪರಸಂಗವನ್ನು ಅಪರಾಧ ಮಾಡಿದ್ದ ದಂಡ ಸಂಹಿತೆಯ 497ನೇ ಕಲಮನ್ನು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 27ರಂದು ರದ್ದು ಮಾಡಿದೆ. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಅದಿಲ್ಲ. ವಿಚ್ಛೇದನಕ್ಕೆ ಪರಸಂಗ ಈಗಲೂ ಕಾರಣವೇ, ಆದರೆ 1955ರ ಹಿಂದೂ ವಿವಾಹ ಕಾಯ್ದೆಯ 13ನೇ ಕಲಮಿನ ಪ್ರಕಾರ ಅದಕ್ಕೆ ದೈಹಿಕ ಸಂಬಂಧ ನಡೆದಿರಬೇಕು. ಬರೀ ಚಾಟಿನ ಮೇಲೆ ಹೋಗುವುದಾದರೆ ಅದೇ ಕಲಮಿನ ಕ್ರೌರ್ಯದ ಆಧಾರದಲ್ಲಿ, ಮಾನಸಿಕ ಕ್ರೌರ್ಯವೆಂದು ವಾದಿಸಬೇಕಾಗುತ್ತದೆ. ಸ್ಕ್ರೀನ್‌ಶಾಟಿನಂಥ ಎಲೆಕ್ಟ್ರಾನಿಕ್ ದಾಖಲೆಗೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಪ್ರಮಾಣಪತ್ರ ಲಗತ್ತಿಸಬೇಕು.

ಎರಡನೆಯ ಮಾತು ಅಪಾಯದ್ದು. ಒಬ್ಬರ ಖಾಸಗಿ ಅಂಗದ ಫೋಟೋವನ್ನು ಒಪ್ಪಿಗೆಯಿಲ್ಲದೆ ಹರಡಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಕಲಮಿನಡಿ 3 ವರ್ಷದವರೆಗೆ ಸೆರೆ, ಅಥವಾ ₹2 ಲಕ್ಷದವರೆಗೆ ದಂಡ, ಅಥವಾ ಎರಡೂ. ಈ ಫೋಟೋ ಅಂಥದ್ದಲ್ಲದಿದ್ದರೂ ಹಾಕಿದವರ ಮೇಲೆ ಮಾನಹಾನಿಯ ದೂರು ಬರಬಹುದು. ನೊಂದ ಮನೆಯವರೇ ಆರೋಪಿಗಳಾಗುವ ದಾರಿ ಇದು. ಹಾಗೆಯೇ ಗಂಡನಿಗೆ ಗೊತ್ತಾಗದಂತೆ ಆತನ ಫೋನಿಗೆ ಬೇಹುಗಾರಿಕೆ ಆ್ಯಪ್ ಹಾಕಿಸುವುದು. ಮೊಬೈಲ್ ಅಂಗಡಿಯವರು ಸಲೀಸಾಗಿ ಹಾಕಿಕೊಡುತ್ತಾರೆ, ಅದೂ ಇದೇ ಕಾಯ್ದೆಯಡಿ ಅಪರಾಧವಾಗಬಹುದು. ಅಣ್ಣನ ಫೋನಿನಿಂದ ಫೋಟೋ ಅಳಿಸಿದ್ದನ್ನು ಹೆಂಡತಿಯೇ ಕೂತು ನೋಡಿದಳು. ಒಂದು ಪ್ರತಿ ಮಾತ್ರ ತನ್ನ ಬಳಿ ಉಳಿಸಿಕೊಂಡಳು. ಅದು ಆಕೆಯ ಹಕ್ಕು.

ಗಡಿಯನ್ನು ಬರೆದದ್ದು

ಇಬ್ಬರ ಜಗಳದ ಬೇರು ಇಲ್ಲಿತ್ತು. ಗಂಡ ಅಳೆದದ್ದು ಮೈಯಿಂದ: ‘ಮುಟ್ಟಿಲ್ಲ, ತಟ್ಟಿಲ್ಲ, ನನ್ನದೇನು ತಪ್ಪು?’ ಹೆಂಡತಿ ಅಳೆದದ್ದು ಸುದ್ದಿಯಿಂದ: ‘ಬಡ್ತಿ ಸಿಗಲಿಲ್ಲಂತ ಮೊದಲ ಯಾರಿಗೆ ಹೇಳಿದ್ರಿ?’ ಹದಿಮೂರು ವರ್ಷದಲ್ಲಿ ಒಮ್ಮೆಯೂ ಈ ಅಳತೆಗಳನ್ನು ಪಕ್ಕಪಕ್ಕ ಇಟ್ಟು ನೋಡಿರಲಿಲ್ಲ. ಮದುವೆಯಲ್ಲಿ ಕೊಡು-ಕೊಳ್ಳುವುದರ ಪಟ್ಟಿ ಬರೆಯುತ್ತಾರೆ, ಇದನ್ನು ಯಾರೂ ಬರೆಯುವುದಿಲ್ಲ.

ಸಮಾಲೋಚನೆಯ ಎರಡು ಕೂಟ ಹಿಡಿದು ಏಳು ಸಾಲು ಬರೆದರು. ನಂಬರುಗಳು ನಿಜವಾದ ಹೆಸರಿನಲ್ಲಿರಬೇಕು. ತಾನೇ ಅಳಿಯುವ ಮೆಸೇಜು, ಬೀಗ ಹಾಕಿದ ಚಾಟು ಬೇಡ. ರಾತ್ರಿ 10ರ ನಂತರ ಕೆಲಸ, ಮನೆ, ಆಪತ್ತು ಬಿಟ್ಟರೆ ಒಬ್ಬೊಬ್ಬರೇ ಚಾಟಿಲ್ಲ. ನೆಂಟರಲ್ಲದವರಿಗೆ ₹1,000 ಮೀರಿ ಕೊಡುವುದಾದರೆ ಕೇಳಿ ಕೊಡಬೇಕು. ಎದುರಿನವರ ಮೆಸೇಜು ಸಲಿಗೆ ಮೀರಿದರೆ 24 ಗಂಟೆಯೊಳಗೆ ಹೇಳಬೇಕು. ಗಂಡ-ಹೆಂಡಿರ ನಡುವಿನ ಕೊರತೆಯನ್ನು, ನಮಗೆ ಮನಸ್ಸು ಎಳೆಯುವಂಥವರ ಮುಂದೆ ಹೇಳಬಾರದು. ಏಳನೆಯದು, ದಿನದ ದೊಡ್ಡ ಸುದ್ದಿ ಮೊದಲು ಮನೆಗೆ.

ಆರನೆಯ ಸಾಲಿಗೆ ದೊಡ್ಡ ಜಗಳವಾಯಿತು. ಹೆಂಡತಿ ಈ ಮೂರು ತಿಂಗಳ ದುಃಖವನ್ನೆಲ್ಲ ಸಂಘದ ಸಹೋದ್ಯೋಗಿಯೊಬ್ಬನ ಮುಂದೆ ತೋಡಿಕೊಂಡಿದ್ದಳು. ‘ನಂದು ಹಂಗಲ್ರಿ, ಆತ ನನ್ನ ತಮ್ಮಿದ್ದಂಗ’ ಎಂದಳು. ಇರಬಹುದು. ಆದರೆ ಒಂಟಿತನ, ದಿನವೂ ಕೇಳುವ ಕಿವಿ, ಮನೆಯವರಿಗೆ ಗೊತ್ತಿಲ್ಲದಿರುವುದು, ಈ ಮೂರೂ ಜೂನ್ ತಿಂಗಳಲ್ಲಿ ಗಂಡನ ಬಳಿಯೂ ಇದ್ದವು. ಆಕೆ ಒಪ್ಪಲು ಒಂದು ವಾರ ಹಿಡಿಯಿತು. ಆಮೇಲೆ ಆ ಮಾತುಗಳನ್ನು ಗೋಕುಲ ರಸ್ತೆಯಲ್ಲಿರುವ ಚಿಕ್ಕಮ್ಮನ ಮಗಳ ಬಳಿ ಹೇಳತೊಡಗಿದಳು. ನಟಿಯರ ರೀಲ್ಸಿಗೆ ಲೈಕ್ ಒತ್ತುವುದನ್ನೂ ಪಟ್ಟಿಗೆ ಸೇರಿಸಬೇಕೆಂಬ ಆಕೆಯ ಬೇಡಿಕೆ ಬಿದ್ದುಹೋಯಿತು. ಎದುರಿನವರು ಮರಳಿ ಮಾತಾಡದ ಕಡೆ ಸಂಬಂಧ ಬೆಳೆಯದು; ಎಲ್ಲವನ್ನೂ ಪಟ್ಟಿಗೆ ಹಾಕಿದರೆ ಪಟ್ಟಿಯೇ ಮುರಿಯುತ್ತದೆ.

ಫೋನ್ ತೋರಿಸುವುದು 90 ದಿನಕ್ಕೆ ಮಾತ್ರ ಎಂದು ಗೊತ್ತುಮಾಡಲಾಯಿತು. ಕೇಳಿದಾಗ ಕೊಡಬೇಕು, ಆತ ಎದುರಿಗಿರುವಾಗಲೇ ನೋಡಬೇಕು, ಗೆಳೆಯರ ಮನೆಯ ಗುಟ್ಟು ಓದಬಾರದು. ಮೊದಲ ತಿಂಗಳು ಆಕೆ ರಾತ್ರಿ ಎರಡಕ್ಕೆ ಎದ್ದು ‘ಲಾಸ್ಟ್ ಸೀನ್’ ನೋಡುತ್ತಿದ್ದಳು. ನೋಡಿದ ಹತ್ತು ನಿಮಿಷ ಸಮಾಧಾನ, ಹನ್ನೊಂದನೇ ನಿಮಿಷಕ್ಕೆ ಮತ್ತೆ ನೋಡಬೇಕು. ಹೀಗೆ ಕಾಯುತ್ತ ಕೂತರೆ ನಂಬಿಕೆ ಹುಟ್ಟುವುದಿಲ್ಲ, ಕಾವಲು ಮಾತ್ರ ರೂಢಿಯಾಗುತ್ತದೆ. ಅದಕ್ಕೇ ರಾತ್ರಿ ಊಟದ ನಂತರ ಅರ್ಧ ಗಂಟೆ ಪ್ರಶ್ನೆಯ ಹೊತ್ತು. ಬೇರೆ ವೇಳೆಯಲ್ಲಿ ನೆನಪಾದದ್ದು ನೋಟ್‌ಬುಕ್ಕಿಗೆ. ಗಂಡ ಆ ಅರ್ಧ ಗಂಟೆ ‘ಎಷ್ಟ ಸಲ ಅದನ್ನ ಕೇಳ್ತಿ’ ಎನ್ನುವಂತಿಲ್ಲ. ಲಾಡ್ಜಿನ ರಾತ್ರಿಗಳಲ್ಲಿ 10ಕ್ಕೆ ಆತನೇ ಕರೆ ಮಾಡಬೇಕು. ಆಕೆ ಮಾಡಿದರೆ ಅದು ಹಾಜರಿ ಹಿಡಿದಂತೆ ಆಗುತ್ತದೆ.

‘ಯಾಕೆ’ ಎಂಬ ಪ್ರಶ್ನೆ ನಾಲ್ಕನೇ ಜೋಡಿ ಕೂಟದಲ್ಲಿ ಬಂತು. ಮನೆಯ ಮಾತು ಗ್ಯಾಸು, ಫೀ, ಕಂತು ಇಷ್ಟಕ್ಕೇ ಇಳಿದಿತ್ತು, ಅದಕ್ಕೆ ಇಬ್ಬರೂ ಕಾರಣ. ಅದೇ ಒಂಟಿತನ ಹೆಂಡತಿಗೂ ಇತ್ತು, ಆಕೆ ಯಾರ ಹೆಸರನ್ನೂ ಡೀಲರ್ ಎಂದು ಬದಲಿಸಿರಲಿಲ್ಲ. ಆ ಭಾಗ ಗಂಡನೊಬ್ಬನದು. ಇವೆರಡನ್ನೂ ಒಂದೇ ಖಾತೆಗೆ ಬರೆಯಬಾರದು; ಲೆಕ್ಕ ಬಲ್ಲ ಹೆಂಡತಿಗೆ ಈ ಮಾತು ಬೇಗ ಹಿಡಿಸಿತು.

ಮಗಳಿಗೆ ಏನು ಹೇಳಬೇಕೆಂಬುದು ಉಳಿದಿತ್ತು. ಐದನೇ ತರಗತಿಯ ಹುಡುಗಿಗೆ ಜಗಳ ಕೇಳಿಸಿಯೇ ಇರುತ್ತದೆ. ಇಬ್ಬರೂ ಕೂತು ಹೇಳಿದ್ದು ಇಷ್ಟು: ‘ಅಪ್ಪಾನ ಒಂದು ತಪ್ಪಿಂದ ಅವ್ವಾಗ ಬ್ಯಾಸರ ಆಗೇತಿ. ನಾವಿಬ್ರೂ ಸರಿ ಮಾಡ್ಕೊಳ್ಳಾಕತ್ತೀವಿ. ನಿಂದೇನೂ ತಪ್ಪಿಲ್ಲ.’ ಹೆಸರು, ಫೋನು, ಪುಣೆ ಯಾವುದೂ ಇಲ್ಲ. ಅಜ್ಜಿಗೂ ಅದೇ ಮೂರು ಸಾಲು ಒಪ್ಪಿಸಲಾಯಿತು. ಆಕೆ ಎರಡನೇ ದಿನವೇ ನಾಲ್ಕನೆಯದು ಸೇರಿಸಿದಳು, ಅದು ಬೇರೆ ಮಾತು.

ಐದನೇ ತಿಂಗಳು

ಜನವರಿಯಲ್ಲಿ ಹೊಸ ನಂಬರಿನಿಂದ ಮೆಸೇಜು ಬಂತು: ‘ಹ್ಯಾಂಗದಿ? ಇಷ್ಟ ಕೇಳಬೇಕಂತ.’ ಗಂಡ ಉತ್ತರ ಕೊಡಲಿಲ್ಲ, ಸಂಜೆ ಮನೆಗೆ ಬಂದು ತೋರಿಸಿದ. ಒಪ್ಪಂದದಂತೆ 24 ಗಂಟೆಯ ಒಳಗೇ. ಹೆಂಡತಿ ಆದರೂ ಸಿಟ್ಟಾದಳು: ತೆರೆದು ಓದಿದ್ದೇಕೆ, ಮಧ್ಯಾಹ್ನವೇ ಫೋನ್ ಮಾಡಲಿಲ್ಲವೇಕೆ? ಸತ್ಯ ಹೇಳಿಯೂ ಬೈಸಿಕೊಂಡರೆ ಮುಂದಿನ ಸಲ ಹೇಳುವವರು ಯಾರು ಎಂದು ಆತನೂ ರೇಗಿದ. ಎರಡು ದಿನ ಮಾತಿಲ್ಲ. ಇಂಥ ಕಡೆ ಇಬ್ಬರದೂ ಅರ್ಧ ನಿಜ. ಪಟ್ಟಿಗೆ ಎಂಟನೆಯ ಸಾಲು ಬಂತು: ಆ ಕಡೆಯಿಂದ ಏನೇ ಬಂದರೂ ಕಂಡ ಒಂದು ತಾಸಿನೊಳಗೆ ಹೇಳಬೇಕು, ಬ್ಲಾಕ್ ಇಬ್ಬರೂ ಕೂಡಿ ಮಾಡಬೇಕು, ಹೇಳಿದ ದಿನ ಹಳೆಯದನ್ನು ಎತ್ತಬಾರದು.

₹15,000ದ ವಿಷಯದಲ್ಲಿ ಮರಳಿ ಕೇಳಿದರೆ ಮತ್ತೆ ಸಂಪರ್ಕವಾಗುತ್ತದೆ, ಬಿಟ್ಟರೆ ಹೆಂಡತಿಗೆ ಸಹಿಸದು. ಕಡೆಗೆ ಗಂಡ ತನ್ನ ಟಿಎ-ಡಿಎ ಉಳಿತಾಯದಿಂದ ತಿಂಗಳಿಗೆ ₹1,500ರಂತೆ ಹತ್ತು ತಿಂಗಳು ಮಗಳ ಹೆಸರಿನ ಆರ್‌ಡಿ ಖಾತೆಗೆ ಕಟ್ಟುವುದೆಂದಾಯಿತು. ಖಾತೆ ತೆರೆದದ್ದು ಹೆಂಡತಿ ಕೆಲಸ ಮಾಡುವ ಸಂಘದಲ್ಲೇ. ಮೂರು ಕಂತು ಬಂದಿವೆ.